ಕೆಲವು ಟವರ್‌ಗಳ ತುದಿಯಲ್ಲಿ ಮಾತ್ರ ಕೆಂಪು ದೀಪ ಏಕೆ?

ಒಂದು ಮೊಬೈಲ್ ಟವರ್ ಮೇಲೆ ರಾತ್ರಿಯಿಡೀ ಕೆಂಪು ದೀಪ, ಪಕ್ಕದ ಇನ್ನೊಂದರ ಮೇಲೆ ಏನೂ ಇಲ್ಲ. ವಿಮಾನಗಳು ಅಷ್ಟು ಕೆಳಗೆ ಹಾರುವುದೇ ಇಲ್ಲವಲ್ಲ, ಮತ್ತೆ ಯಾರಿಗಾಗಿ ಆ ದೀಪ ಎಂದು ಕೇಳಿದ್ದೀರಿ. ಟವರ್ ಹತ್ತಿ ಇಂಥ ದೀಪಗಳನ್ನು ರಿಪೇರಿ ಮಾಡುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ.

ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೋಗುವ ಪ್ರಯಾಣಿಕರ ವಿಮಾನಕ್ಕೆ ಟವರ್‌ನಿಂದ ತೊಂದರೆಯಿಲ್ಲ, ನಿಜ. ದೀಪ ಇರುವುದು ಕೆಳಗೆ ಹಾರಲೇಬೇಕಾದವರಿಗೆ: ಗಾಯಾಳುವನ್ನು ಕರೆದೊಯ್ಯುವ ಹೆಲಿಕಾಪ್ಟರ್, ನೆರೆಯಲ್ಲಿ ಸಿಕ್ಕಿಕೊಂಡವರನ್ನು ಹುಡುಕುವ ತಂಡ, ರನ್‌ವೇಗೆ ಇಳಿಯುತ್ತಿರುವ ವಿಮಾನ.

ಹಾಗಾಗಿ ಎತ್ತರ ಮತ್ತು ಜಾಗ ಎರಡನ್ನೂ ನೋಡುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ 200 ಅಡಿ, ಅಂದರೆ ಸುಮಾರು 61 ಮೀಟರ್ ದಾಟಿದ ಟವರ್‌ಗೆ ದೀಪ ಅಥವಾ ಬಣ್ಣದ ಗುರುತು ಕೇಳುತ್ತಾರೆ. ಬೇರೆ ದೇಶಗಳ ಮಿತಿ ಬೇರೆ. ಬಹಳಷ್ಟು ಮೊಬೈಲ್ ಟವರ್‌ಗಳು ಅಷ್ಟು ಎತ್ತರ ಇರುವುದೇ ಇಲ್ಲ, ಅದಕ್ಕೇ ಅವು ಕತ್ತಲಲ್ಲಿರುತ್ತವೆ. ಆದರೆ ವಿಮಾನ ನಿಲ್ದಾಣದ ಸುತ್ತ ರನ್‌ವೇಯಿಂದ ಓರೆಯಾಗಿ ಮೇಲೇರುವ ಕಾಲ್ಪನಿಕ ಮೇಲ್ಮೈಗಳನ್ನು ಲೆಕ್ಕ ಹಾಕಿರುತ್ತಾರೆ. ಅದನ್ನು ಸೀಳಿ ಮೇಲೆ ಬರುವುದಾದರೆ ಕುಳ್ಳ ಟವರ್‌ಗೂ ದೀಪ ಬೇಕಾಗಬಹುದು. ಪಕ್ಕದಲ್ಲೇ ಇನ್ನೂ ಎತ್ತರದ, ದೀಪವಿರುವ ಕಟ್ಟಡವಿದ್ದರೆ ವಿನಾಯಿತಿ ಸಿಗುವುದೂ ಉಂಟು.

ದೀಪಗಳಲ್ಲೂ ದರ್ಜೆಗಳಿವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ 10 ಅಥವಾ 32 ಕ್ಯಾಂಡೆಲಾದ (ಬೆಳಕಿನ ತೀವ್ರತೆಯ ಅಳತೆ), ಮಿನುಗದೆ ಉರಿಯುವ ಸಣ್ಣ ಕೆಂಪು ದೀಪವಿದೆ; 2,000 ಕ್ಯಾಂಡೆಲಾದ, ಮಿನುಗುವ ಕೆಂಪು ದೀಪವೂ ಇದೆ. 150 ಮೀಟರ್ ಮೀರಿದವಕ್ಕೆ ಹಗಲಲ್ಲೇ ಕಣ್ಣಿಗೆ ಹೊಡೆಯುವ 2,00,000 ಕ್ಯಾಂಡೆಲಾದ ಬಿಳಿ ಮಿಂಚು ದೀಪ ಹಾಕಬಹುದು. ಅದು ರಾತ್ರಿ 2,000ಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ಪೈಲಟ್‌ನ ಕಣ್ಣೇ ಕುಕ್ಕುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಎರಡು ವಿಷಯ. ಒಂದು, ಎಲ್‌ಇಡಿ ಬಂದಾಗಿನ ಕಥೆ. ರಾತ್ರಿ ಹಾರುವ ಕೆಲವು ಹೆಲಿಕಾಪ್ಟರ್ ಪೈಲಟ್‌ಗಳು ನೈಟ್ ವಿಷನ್ ಕನ್ನಡಕ ಧರಿಸುತ್ತಾರೆ. ಹಳೆಯ ಬಲ್ಬ್ ಬೆಳಕಿನ ಜೊತೆ ಬರಿಗಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನೂ ಧಾರಾಳವಾಗಿ ಚೆಲ್ಲುತ್ತಿತ್ತು, ಕನ್ನಡಕಕ್ಕೆ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಎಲ್‌ಇಡಿಯಲ್ಲಿ ಅದಿಲ್ಲ. ಬರಿಗಣ್ಣಿಗೆ ಪ್ರಖರವಾಗಿ ಕಾಣುವ ದೀಪ ಕನ್ನಡಕದಲ್ಲಿ ಮಾಯ! ಹಾಗಾಗಿ ಈಗ ಹಲವು ದೀಪಗಳಲ್ಲಿ ಅವಕೆಂಪು ಎಲ್‌ಇಡಿಯನ್ನೂ ಸೇರಿಸುತ್ತಾರೆ.

ಇನ್ನೊಂದು ಹಕ್ಕಿಗಳದ್ದು. ಮೋಡ ಕವಿದ ರಾತ್ರಿ ವಲಸೆ ಹಕ್ಕಿಗಳು ಮಿನುಗದ ಕೆಂಪು ದೀಪದ ಸುತ್ತಲೇ ಸುತ್ತಿ, ಟವರ್ ಬೀಳದಂತೆ ಎಳೆದು ಕಟ್ಟಿದ ತಂತಿಗಳಿಗೆ ಬಡಿದು ಸಾಯುತ್ತವೆ. ಮಿನುಗುವ ದೀಪಕ್ಕೆ ಅವು ಅಷ್ಟು ಸಿಕ್ಕಿಬೀಳುವುದಿಲ್ಲ. ಅಮೆರಿಕದ ವಿಮಾನಯಾನ ಇಲಾಖೆ 2015ರಲ್ಲಿ ತನ್ನ ಸೂಚನೆಯನ್ನೇ ತಿದ್ದಿ, ಎತ್ತರದ ಟವರ್‌ಗಳಲ್ಲಿ ಮಿನುಗದ ದೀಪಗಳನ್ನು ಕೈಬಿಡುವ ದಾರಿ ಮಾಡಿತು. ಪೈಲಟ್‌ಗೂ ಕ್ಷೇಮ, ಹಕ್ಕಿಗೂ ಕ್ಷೇಮ; ನನಗೆ ಬಹಳ ಹಿಡಿಸಿದ ಬದಲಾವಣೆ ಇದು.

ನೀವು ದಿನಾ ನೋಡುವ ದೀಪ ಒಂದು ರಾತ್ರಿ ಆರಿದ್ದರೆ, ಟವರ್ ಬೇಲಿಯ ಫಲಕದಲ್ಲಿ ಫೋನ್ ನಂಬರ್ ಇದೆಯೇ ನೋಡಿ, ಇದ್ದರೆ ದಯವಿಟ್ಟು ತಿಳಿಸಿ. ಅಲ್ಲಿ ದೀಪ ಇದೆ ಎಂದು ನಂಬಿಯೇ ಪೈಲಟ್ ಆ ದಾರಿಯಲ್ಲಿ ಬರುತ್ತಿರುತ್ತಾರೆ.