ಹಾವಸೆ ಹೂ ಬಿಡುವುದುಂಟೇ?

ಪ್ರಶ್ನೆ: ಮಳೆಗಾಲ ಮುಗಿದು ಹೊಳೆ ಇಳಿದಾಗ, ನಮ್ಮೂರ ಅಬ್ಬಿಯ ಬಂಡೆಗೆ ಅಂಟಿದ ಹಾವಸೆಯಲ್ಲಿ ನಸುಗೆಂಪು ಪುಟ್ಟ ಹೂಗಳು ಕಾಣುತ್ತವೆ. ಇದೇನು?
(ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಹಾವಸೆಗೆ ಹೂವಿಲ್ಲ. ಇದು ಪೊಡೊಸ್ಟೆಮೇಸಿ ಕುಟುಂಬದ ಗಿಡ, ಅಂದರೆ ಹರಿವ ನೀರಿನ ಬಂಡೆಗೆ ಅಂಟಿ ಬೆಳೆಯುವ ಹೂಗಿಡ. ಘಟ್ಟದ ಹೊಳೆಗಳಲ್ಲಿ ಸಾಮಾನ್ಯವಾದ ಜೈಲಾನಿಡಿಯಮ್ ಲೈಕೆನಾಯ್ಡಿಸ್ ಇದ್ದೀತು. ಆ ಹೆಸರಿನ ಎರಡನೇ ಪದದ ಅರ್ಥವೇ ಕಲ್ಲುಹೂವಿನಂಥದ್ದು (ಲೈಕೆನ್‌ನಂಥದ್ದು) ಎಂದು. ವಂಶದ ಲೆಕ್ಕದಲ್ಲಿ ಇದು ಮುರುಗಲು, ಉಪ್ಪಾಗೆಗಳ ದೂರದ ದಾಯಾದಿ. ಮುಖ ನೋಡಿ ಯಾರೂ ಹೇಳಲಾರರು!

ಪ್ರಶ್ನೆ: ಕಾಂಡ ಯಾವುದು, ಬೇರು ಯಾವುದು?

ಉತ್ತರ: ಬಂಡೆಗೆ ಒತ್ತಿಕೊಂಡ ಹಸಿರು ಪಟ್ಟಿಯೇ ಬೇರು. ಆಹಾರ ತಯಾರಿಸುವುದೂ ಅದೇ. ಅದರ ಅಡಿಯ ರೋಮಗಳು ಅಂಟು ಸುರಿಸಿ ಕಲ್ಲನ್ನು ಹಿಡಿಯುತ್ತವೆ. ಎಲೆಯ ಗೊಂಚಲು, ಹೂವು ಎಲ್ಲ ಬೇರಿನಿಂದಲೇ ಹೊರಡುತ್ತವೆ. ಬೀಜದೊಳಗಿನ ಭ್ರೂಣದಲ್ಲೇ ತಾಯಿಬೇರಿಗೆ (ಬೀಜದಿಂದ ನೇರ ಇಳಿಯುವ ಮೊದಲ ಬೇರಿಗೆ) ಜಾಗವಿಲ್ಲ: ಮೊಳಕೆಯೊಡೆದ ಮೇಲೆ ಬೀಜದಳದ ಕೆಳಗಿನ ದಂಟಿನ ಪಕ್ಕದಿಂದ ಹೊಸ ಬೇರು ಮೂಡಿ ಬಂಡೆಯ ಮೇಲೆ ಹರಡುತ್ತದೆ. ಅದೇ ಕುಲದ ಜೈಲಾನಿಡಿಯಮ್ ಒಲಿವೇಸಿಯಮ್‌ನಲ್ಲಿ ಬೇರುಟೊಪ್ಪಿಗೆಯೂ (ಬೇರಿನ ತುದಿಯನ್ನು ಕಾಯುವ ಹೊದಿಕೆಯೂ) ಮಾಯ. ತುದಿಯ ಬದಲು ಅಂಚಿನುದ್ದಕ್ಕೂ ಬೆಳೆದು ಹಪ್ಪಳದಂತಾಗುತ್ತದೆ. ಇದೇ ಕುಟುಂಬದ ಡಾಲ್ಜೆಲಿಯಾ ಜೈಲಾನಿಕಾ ಕೂಡ ಹಪ್ಪಳವೇ, ಆದರೆ ಅದು ಬೇರಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೆ ಬೇರೇ ಇಲ್ಲ. ಹೊರಗಿನ ರೂಪ ನೋಡಿ ಅಂಗದ ಹೆಸರು ಹೇಳಹೊರಟರೆ ಇಲ್ಲಿ ತಪ್ಪುವುದು ಖಂಡಿತ. ಸಿಂಹಳ ಮತ್ತು ಭಾರತದ ಈ ಗಿಡಗಳ ಬಗ್ಗೆ ಸಸ್ಯವಿಜ್ಞಾನಿ ಜೆ. ಸಿ. ವಿಲ್ಲಿಸ್ 1902ರಲ್ಲೇ ವಿವರವಾಗಿ ಬರೆದಿದ್ದರು.

ಪ್ರಶ್ನೆ: ಅಕ್ವೇರಿಯಂನಲ್ಲಿ ಬೆಳೆಸಬಹುದೇ?

ಉತ್ತರ: ಬೇಡ. ಇವಕ್ಕೆ ರಭಸದ, ಗಾಳಿ ಬೆರೆತ ನೀರು ಬೇಕು. ನಿಂತ ನೀರಲ್ಲಿ ನಿಜವಾದ ಪಾಚಿಯೇ ಮುಸುಕಿ ಕೊಲ್ಲುತ್ತದೆ. ಚಾಕುವಿನಿಂದ ಕೆರೆದರೆ ಅಡಿಭಾಗ ಹರಿಯುತ್ತದೆ. ಮಾದರಿ ಬೇಕಿದ್ದರೆ ಗಿಡ ಹಿಡಿದ ಸಣ್ಣ ಕಲ್ಲನ್ನೇ ತಂದು 70% ಆಲ್ಕೋಹಾಲಿನಲ್ಲಿಡಿ. ಪೇಪರಿನ ನಡುವೆ ಒತ್ತಿ ಒಣಗಿಸಿದರೆ ಒಳರಚನೆ ಏನೂ ಉಳಿಯದು.

ಮೊಳಕೆ ನೋಡುವುದು ಮಾತ್ರ ಸಾಧ್ಯ. ನೀರು ಇಳಿದ ಮೇಲೆ ಕಂದಾದ ಕಾಯಿಗಳನ್ನು ಆರಿಸಿ, ದೂಳಿನಂಥ ಬೀಜಗಳನ್ನು ಒದ್ದೆ ಗಾಜಿನ ಮೇಲೆ ಉದುರಿಸಿ. ಸಿಪ್ಪೆಯ ಲೋಳೆ ಉಬ್ಬುತ್ತದೆ. ಅದು ಪೂರ್ತಿ ಒಣಗಿ ಬೀಜ ಅಂಟಿದ ಮೇಲಷ್ಟೇ ಗಾಜನ್ನು ನೀರಿಗಿಳಿಸಿ, ಬೆಳಕಿರುವಲ್ಲಿ ಇಡಿ. ಅವಸರಪಟ್ಟರೆ ಬೀಜ ತೇಲಿಹೋಗುತ್ತದೆ. ಮೊಳೆತಾಗ 10 ಪಟ್ಟಿನ ಮಸೂರದಲ್ಲಿ ನೋಡಿ: ಎರಡು ಬೀಜದಳ, ಬುಡದಲ್ಲಿ ಗಾಜಿಗೆ ಅಂಟಿದ ರೋಮಗಳು. ತಾಯಿಬೇರು ಹುಡುಕಿದರೂ ಸಿಗದು.