ಪ್ರತಿಕ್ರಿಯೆ: ‘ಹಳೆಬೀಡು’ ಅಂತಿದ್ದ ಫೈಲುಗಳಲ್ಲಿ ಅರ್ಧ ಮಾತ್ರ ‘ಹಳೇಬೀಡು’ ಆದವು, ಉಳಿದವು ಯಾಕಿಲ್ಲ?

ಫೆಡೋರಾದಲ್ಲಿ (ಲಿನಕ್ಸಿನ ಒಂದು ಬಗೆ) ಫೈಲುಗಳ ಹೆಸರು ಒಟ್ಟಿಗೆ ಬದಲಿಸಲು ನೀವು ಕೊಟ್ಟ ರೀನೇಮ್ ಕಮಾಂಡ್ ಸರಿಯಾಗೇ ಇದೆ. ಉಳಿದ ಫೋಟೊಗಳು ಹಾಸನದ ಗೆಳೆಯರ ಹಳೇ ಮ್ಯಾಕ್‌ನಿಂದ ಬಂದವು ಅಂದಿರಲ್ಲ, ತೊಡಕು ಅಲ್ಲಿದೆ.

‘ಬೀ’ ಅಕ್ಷರವನ್ನು ಯುನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಎರಡು ಥರ ಬರೆಯಬಹುದು: ಬ ಜೊತೆ ದೀರ್ಘ ‘ೀ’ ಒಂದೇ ಚಿಹ್ನೆಯಾಗಿ, ಇಲ್ಲವೇ ಗುಡಿಸು ‘ಿ’ ಮತ್ತು ದೀರ್ಘದ ಗುರುತು ‘ೕ’ ಬೇರೆ ಬೇರೆಯಾಗಿ. ಹಳೇ ಮ್ಯಾಕ್ ಡಿಸ್ಕು ಹೆಸರನ್ನು ಹೀಗೆ ಒಡೆದೇ ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ರೀನೇಮ್ ನೋಡುವುದು ಬೈಟುಗಳನ್ನು, ಹಾಗಾಗಿ ಹೊಂದುವುದಿಲ್ಲ.

ಮೊದಲು ಫೋಲ್ಡರಿನ ನಕಲು ಇಟ್ಟುಕೊಳ್ಳಿ. ಡಿಎನ್ಎಫ್‌ನಿಂದ (ಫೆಡೋರಾದಲ್ಲಿ ತಂತ್ರಾಂಶ ಹಾಕುವ ಕಮಾಂಡ್), ಹೆಸರಿನಲ್ಲಿ ಒಡೆದ ಅಕ್ಷರಗಳನ್ನು ಕೂಡಿಸಬಲ್ಲ ಕಾನ್ವ್‌ಎಂವಿ ಹಾಕಿಕೊಂಡು ಅದೇ ಫೋಲ್ಡರಿನಲ್ಲಿ ಹೀಗೆ ಕೊಡಿ (ಹೆಸರು, ಸ್ವಿಚ್ಚು ಇಂಗ್ಲಿಷ್ ಅಕ್ಷರದಲ್ಲಿ):

ಕಾನ್ವ್‌ಎಂವಿ -ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್ಎಫ್‌ಸಿ *

ಇದು ಬರೀ ಏನಾಗುತ್ತದೆಂದು ತೋರಿಸುತ್ತದೆ. ಪಟ್ಟಿ ಸರಿ ಕಂಡರೆ --ನೋಟೆಸ್ಟ್ ಸೇರಿಸಿ ಮತ್ತೆ ಓಡಿಸಿ. ಇದನ್ನು ಮರೆತು ‘ಏನೂ ಆಗಲಿಲ್ಲ’ ಅನ್ನುವವರೇ ಹೆಚ್ಚು. ಆಮೇಲೆ:

ರೀನೇಮ್ -ಎನ್ -ವಿ ಹಳೆಬೀಡು ಹಳೇಬೀಡು *

-ಎನ್ ಇರುವಾಗ ಇದೂ ಬರೀ ತೋರಿಸುತ್ತದೆ. -ಎನ್ ತೆಗೆದು -ಓ ಹಾಕಿದರೆ ಬದಲಾವಣೆ ನಿಜವಾಗುತ್ತದೆ. -ಓ ಬಿಡಬೇಡಿ, ಅದಿಲ್ಲದಿದ್ದರೆ ಅದೇ ಹೆಸರಿನ ಹಳೇ ಫೋಟೊ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಇದು ನಿಮ್ಮ ಫೆಡೋರಾದ ಮಾತು. ಉಬುಂಟುವಿನಲ್ಲಿ (ಇನ್ನೊಂದು ಲಿನಕ್ಸ್) ಸಾಮಾನ್ಯವಾಗಿ ಸಿಗುವ ರೀನೇಮ್ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯದು, ಬರೆಯುವ ರೀತಿಯೇ ಬೇರೆ.