46 ಇಬ್ಭಾಗವಾದರೂ 46 ಉಳಿಯುವುದು ಹೇಗೆ?

ಪ್ರಶ್ನೆ: ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಮೈಟಾಸಿಸ್‌ನಲ್ಲಿ ಕೋಶ ಎರಡಾದಾಗ ಪ್ರತಿ ಮರಿಕೋಶಕ್ಕೆ 23 ಮಾತ್ರ ಸಿಗಬೇಕಲ್ಲವೇ? ಯಾವ ಹಂತದಲ್ಲಿ ಅವು ಇಮ್ಮಡಿಯಾಗುತ್ತವೆ?

ಉತ್ತರ: ನೀವು ಹುಡುಕುತ್ತಿರುವ ಹಂತ ಮೈಟಾಸಿಸ್‌ನ ಹಂತಗಳಲ್ಲಿ ಇಲ್ಲವೇ ಇಲ್ಲ. ಅದಕ್ಕೂ ಮೊದಲಿನ ಇಂಟರ್‌ಫೇಸ್ ಅವಧಿಯಲ್ಲೇ ಕೋಶವು ವರ್ಣತಂತುಗಳಲ್ಲಿರುವ ತನ್ನ ಡಿಎನ್‌ಎಯನ್ನೆಲ್ಲ ಒಮ್ಮೆ ನಕಲು ಮಾಡಿಕೊಂಡಿರುತ್ತದೆ. ಈ ಅವಧಿಯನ್ನು ವಿಶ್ರಾಂತಿಯ ಹಂತವೆಂದು ಕರೆಯುವ ಹಳೆಯ ರೂಢಿ ದಾರಿ ತಪ್ಪಿಸುವಂಥದು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕೋಶವೊಂದು ಸುಮಾರು 24 ಗಂಟೆಗೊಮ್ಮೆ ವಿಭಜಿಸಿದರೆ, ಅದರಲ್ಲಿ ಮೈಟಾಸಿಸ್‌ಗೆ ಹಿಡಿಯುವುದು ಹೆಚ್ಚುಕಡಿಮೆ ಒಂದೇ ಗಂಟೆ. ಉಳಿದ ಹೊತ್ತೆಲ್ಲ ಸಿದ್ಧತೆಯದೇ.

ಮೈಟಾಸಿಸ್‌ನ ಮೊದಲ ಹಂತವಾದ ಪ್ರೊಫೇಸ್‌ನಲ್ಲಿ ವರ್ಣತಂತುಗಳು ಸುರುಳಿ ಬಿಗಿದು ದಪ್ಪವಾಗಿ ಸೂಕ್ಷ್ಮದರ್ಶಕಕ್ಕೆ ಕಾಣಿಸಿಕೊಳ್ಳುವಾಗ, ಪ್ರತಿಯೊಂದರಲ್ಲೂ ತದ್ರೂಪವಾದ ಎರಡೆರಡು ಎಳೆಗಳು, ಅಂದರೆ ಕ್ರೊಮ್ಯಾಟಿಡ್‌ಗಳು, ಇರುತ್ತವೆ. ಆದರೆ ಸೆಂಟ್ರೋಮಿಯರ್ ಎಂಬ ಸಂಧಿಸ್ಥಾನದಲ್ಲಿ ಕೂಡಿಕೊಂಡಿರುವಷ್ಟು ಕಾಲ ಆ ಜೋಡಿಯನ್ನು ಒಂದೇ ವರ್ಣತಂತು ಎಂದು ಎಣಿಸುವುದು ವಾಡಿಕೆ. ಎಳೆಗಳು 92, ವರ್ಣತಂತುಗಳು 46: ಲೆಕ್ಕ ಗೊಂದಲವಾಗುವುದು ಇಲ್ಲಿಯೇ.

ಮುಂದೆ ಕೋಶಕೇಂದ್ರದ ಪೊರೆ ಕರಗಿ, ಕೋಶದ ಎರಡು ತುದಿಗಳಾದ ಧ್ರುವಗಳಿಂದ ಹೊರಟ ಕದಿರಿನ, ಅಂದರೆ ವರ್ಣತಂತುಗಳನ್ನು ಸೆಳೆಯುವ ರಚನೆಯ, ನಾರುಗಳು ಪ್ರತಿ ಜೋಡಿಯನ್ನೂ ಇಕ್ಕೆಲಗಳಿಂದ ಹಿಡಿಯುತ್ತವೆ. ಮೆಟಾಫೇಸ್‌ನಲ್ಲಿ ಜೋಡಿಗಳೆಲ್ಲ ಕೋಶದ ನಡುವೆ ಸಾಲಾಗುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯ ಅತ್ಯಂತ ಕುತೂಹಲಕರ ಘಳಿಗೆ ಇದು. ಒಂದೇ ಒಂದು ಎಳೆಗೆ ಹಿಡಿತ ಸಿಕ್ಕದಿದ್ದರೂ ಕೋಶವು ಮುಂದಿನ ಹೆಜ್ಜೆಯನ್ನು ತಡೆಹಿಡಿಯುತ್ತದೆ. ಎಲ್ಲವೂ ಸರಿಯಾದ ಮೇಲೆ, ಜೋಡಿಗಳನ್ನು ಬಂಧಿಸಿದ್ದ ಕೊಹೀಸಿನ್ ಎಂಬ ಪ್ರೋಟೀನನ್ನು ಸೆಪರೇಸ್ ಎಂಬ ಕಿಣ್ವ ಕತ್ತರಿಸುತ್ತದೆ. ಅನಾಫೇಸ್‌ನಲ್ಲಿ ಬೇರೆಯಾದ ಎಳೆಗಳು ಎದುರುಬದುರು ಧ್ರುವಗಳತ್ತ ಸರಿಯುತ್ತವೆ. ಆಗ ಪ್ರತಿ ಎಳೆಯೂ ಸ್ವತಂತ್ರ ವರ್ಣತಂತುವೆನಿಸುವುದರಿಂದ ಎರಡೂ ಕಡೆಗೆ 46 ಸಿಗುತ್ತವೆ. ಟೆಲೋಫೇಸ್‌ನಲ್ಲಿ ಪೊರೆಗಳು ಮತ್ತೆ ಮೂಡುತ್ತವೆ. ಬಳಿಕ ಪ್ರಾಣಿಕೋಶವು ನಡುವೆ ಹಿಸುಕಿದಂತೆ ಕಿರಿದಾಗಿ ಇಬ್ಭಾಗವಾದರೆ, ಸಸ್ಯಕೋಶದಲ್ಲಿ ನಡುವೆ ಹೊಸ ಗೋಡೆ ಏಳುತ್ತದೆ.

ಅಂದಹಾಗೆ, 46 ಎಂಬ ಸಂಖ್ಯೆಯೇ ಬಹುಕಾಲ ಖಚಿತವಿರಲಿಲ್ಲ. ದಶಕಗಳ ಕಾಲ ಅದನ್ನು 48 ಎಂದೇ ನಂಬಲಾಗಿತ್ತು. ಕದಿರು ಕಟ್ಟದಂತೆ ತಡೆದು ಕೋಶವನ್ನು ಮೆಟಾಫೇಸ್‌ನಲ್ಲೇ ನಿಲ್ಲಿಸುವ ಕಾಲ್ಚಿಸಿನ್ ಎಂಬ ಸಸ್ಯಜನ್ಯ ರಾಸಾಯನಿಕವನ್ನು ಬಳಸಿ, ವಿಜ್ಞಾನಿಗಳಾದ ಜೋ ಹಿನ್ ಟಿಜೋ ಮತ್ತು ಆಲ್ಬರ್ಟ್ ಲೆವಾನ್ 1956ರಲ್ಲಿ ಸರಿಯಾದ ಎಣಿಕೆಯನ್ನು ಪ್ರಕಟಿಸಿದರು.

ನೀವು ಊಹಿಸಿದ 23 ಕೂಡ ಆಧಾರವಿಲ್ಲದ್ದಲ್ಲ. ಅಂಡಾಣು ಮತ್ತು ವೀರ್ಯಾಣುಗಳು ರೂಪುಗೊಳ್ಳುವ ಮಿಯಾಸಿಸ್‌ನಲ್ಲಿ ನಕಲು ನಡೆಯುವುದು ಒಮ್ಮೆ, ವಿಭಜನೆ ಎರಡು ಬಾರಿ. ಆದ್ದರಿಂದ ಅಲ್ಲಿ ಉಳಿಯುವುದು 23.